ಎರಡು ಮಹಾಯುದ್ಧಗಳ ನಡುವಿನ ಉಡುಪು: ಆ ಅಂದದ ಗುಟ್ಟು ಬಟ್ಟೆಯಲ್ಲೋ, ಕತ್ತರಿಯಲ್ಲೋ?

ಹಳೇಫೋಟೋ

ಎಲ್ಲರಿಗೂ ನಮಸ್ಕಾರ. ಮೊದಲ ಮಹಾಯುದ್ಧ ಮುಗಿದು ಎರಡನೆಯದು ಶುರುವಾಗುವವರೆಗಿನ, ಅಂದರೆ 1919ರಿಂದ 1939ರವರೆಗಿನ ಪ್ಯಾರಿಸ್, ಲಂಡನ್ ಫೋಟೋಗಳನ್ನು ಕೂಡಿಡುವುದು ನನ್ನ ಹವ್ಯಾಸ. ರಾಜಮನೆತನದವರು, ನಟಿಯರು ಮಾತ್ರ ಅಲ್ಲ. ಬೀದಿಯಲ್ಲಿ ನಡೆದು ಹೋಗುವವರು, ಕುದುರೆ ರೇಸ್ ನೋಡಲು ಬಂದವರು, ಆಫೀಸಿಗೆ ಹೊರಟವರು ಎಲ್ಲರೂ ಇದ್ದಾರೆ.

ನೋಡಿದಷ್ಟೂ ಒಂದೇ ಪ್ರಶ್ನೆ ಕಾಡುತ್ತದೆ. ಇವರ ಬಟ್ಟೆ ಮೈಮೇಲೆ ಇಷ್ಟು ಚೆನ್ನಾಗಿ ಹೇಗೆ ಕೂರುತ್ತಿತ್ತು? 1926ರ ಹೆಂಗಸಿನ ಉಡುಗೆ ನೇರವಾಗಿದೆ. ಸೊಂಟದ ಗೆರೆ ಕೆಳಗಿಳಿದಿದೆ, ಟೋಪಿ ಹುಬ್ಬಿನವರೆಗೂ ಬಂದಿದೆ. 1934ಕ್ಕೆ ಬಂದರೆ ಅದೇ ಊರಿನ ಹೆಂಗಸಿನ ಗೌನು ಉದ್ದವಾಗಿದೆ. ಮೈಗೆ ಅಂಟಿದ ಹಾಗಿದ್ದರೂ ಎಲ್ಲೂ ಬಿಗಿಯಿಲ್ಲ. ಗಂಡಸರ ಕೋಟಿನ ಎದೆ ತುಂಬಿಕೊಂಡಿದೆ, ಪ್ಯಾಂಟು ಹೊಕ್ಕುಳಿಗಿಂತ ಮೇಲೆ ನಿಂತಿದೆ. ಇವತ್ತು ಎಷ್ಟು ದುಡ್ಡು ಕೊಟ್ಟು ಹೊಲಿಸಿದರೂ ಆ ಇಳಿತ ಬರುವುದು ಕಡಿಮೆ. ಇದು ಬಟ್ಟೆಯ ಗುಣವೋ, ಹೊಲಿಗೆಯ ಗುಣವೋ? ಗೊತ್ತಿದ್ದವರು ವಿವರವಾಗಿ ಬರೆಯಿರಿ. ಎಷ್ಟು ಉದ್ದವಾದರೂ ಓದುತ್ತೇನೆ.

ಸೂಜಿದಾರ

ನನ್ನ ಉತ್ತರ ಕತ್ತರಿ. ನಾನು ಹೊಲಿಗೆ ಕಲಿಸುವವಳು, ಅದಕ್ಕೇ ಈ ಕಾಲದ ಬಗ್ಗೆ ಎಷ್ಟು ಮಾತಾಡಿದರೂ ಸಾಲದು.

ಅದಕ್ಕಿಂತ ಮೊದಲು ಹೆಂಗಸರ ಮೈಗೆ ಆಕಾರ ಕೊಡುತ್ತಿದ್ದದ್ದು ಒಳಗಿನ ಕಾರ್ಸೆಟ್. ಗಟ್ಟಿ ಪಟ್ಟಿಗಳನ್ನು ಸೇರಿಸಿ ಹೊಲಿದು, ಹಿಂದಿನಿಂದ ಲಾಡಿ ಎಳೆದು ಬಿಗಿಯುತ್ತಿದ್ದರು. ಮೇಲಿನ ಬಟ್ಟೆ ಬರೀ ಹೊದಿಕೆ. ಯುದ್ಧ ಬಂತು, ಹೆಂಗಸರು ಕಾರ್ಖಾನೆಗೆ, ಆಸ್ಪತ್ರೆಗೆ, ಬಸ್ಸಿನ ಕಂಡಕ್ಟರ್ ಕೆಲಸಕ್ಕೆ ಹೋದರು. ಆ ಬಿಗಿ ಸಡಿಲವಾಯಿತು. ಆಮೇಲೆ ಆಕಾರ ಕೊಡುವ ಕೆಲಸ ಮೇಲಿನ ಬಟ್ಟೆಯ ಪಾಲಿಗೇ ಬಂತು.

ಆ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದವರು ಮಡೆಲೀನ್ ವಿಯೊನೆ. ಹುಟ್ಟಿದ್ದು 1876ರಲ್ಲಿ. ಸಣ್ಣ ಹುಡುಗಿಯಾಗಿದ್ದಾಗಲೇ ಹೊಲಿಗೆ ಕೆಲಸಕ್ಕೆ ಸೇರಿದವರು. 1912ರಲ್ಲಿ ಪ್ಯಾರಿಸ್‌ನಲ್ಲಿ ಸ್ವಂತ ಸಂಸ್ಥೆ ತೆರೆದರು. ಯುದ್ಧ ಬಂದಾಗ ಮುಚ್ಚಿ, ಮುಗಿದ ಮೇಲೆ ಮತ್ತೆ ತೆರೆದರು. 1923ರಲ್ಲಿ ಅವೆನ್ಯೂ ಮೊಂಟೇನ್ ಬೀದಿಯ 50ನೇ ನಂಬರಿನ ಕಟ್ಟಡಕ್ಕೆ ಹೋದರು. 1939ರಲ್ಲಿ ಬಾಗಿಲು ಹಾಕಿದರು. ಅಂದರೆ ಅವರ ಒಳ್ಳೆಯ ಕಾಲ ಸರಿಯಾಗಿ ಈ ಎರಡು ಯುದ್ಧಗಳ ನಡುವೆ.

ಅವರು ಮಾಡಿದ್ದೇನು ಅಂದರೆ, ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ್ದು. ಹಾಸಿನ ಎಳೆ, ಅಂದರೆ ಬಟ್ಟೆಯ ಉದ್ದಕ್ಕೆ ಓಡುವ ನೂಲು, ಅದರ ಉದ್ದಕ್ಕೆ ಎಳೆದರೆ ಬಟ್ಟೆ ಹಿಗ್ಗುವುದಿಲ್ಲ. ಅಡ್ಡಕ್ಕೆ ಓಡುವ ಹೊಕ್ಕಿನ ಎಳೆಯ ಕಡೆಗೂ ಅಷ್ಟೇ. ಎರಡರ ನಡುವೆ 45 ಡಿಗ್ರಿ ಓರೆಯಾಗಿ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ಮನೆಯಲ್ಲಿರುವ ಹತ್ತಿಯ ಕರವಸ್ತ್ರವನ್ನು ಮೂಲೆಯಿಂದ ಮೂಲೆಗೆ ಎಳೆದು ನೋಡಿ, ತಕ್ಷಣ ಗೊತ್ತಾಗುತ್ತದೆ. ಈ ಗುಣ ಟೈಲರ್‌ಗಳಿಗೆ ಮೊದಲೇ ಗೊತ್ತಿತ್ತು. ಕಾಲರ್, ಅಂಚಿನ ಪಟ್ಟಿ ಇಂಥದ್ದಕ್ಕೆ ಬಳಸುತ್ತಿದ್ದರು. ವಿಯೊನೆ ಇಡೀ ಉಡುಪನ್ನೇ ಹಾಗೆ ಕತ್ತರಿಸಿದರು.

ಕಾಗದದ ಮೇಲೆ ಚಿತ್ರ ಬರೆದು ಶುರು ಮಾಡುತ್ತಿರಲಿಲ್ಲ ಅವರು. ಮರದ ಒಂದು ಪುಟ್ಟ ಗೊಂಬೆ ಇತ್ತು. ಅದರ ಮೇಲೆ ಬಟ್ಟೆ ಸುತ್ತಿ, ಪಿನ್ನು ಚುಚ್ಚಿ, ಇಳಿಬಿಟ್ಟು ನೋಡುತ್ತಿದ್ದರು. ಅಲ್ಲಿ ಸರಿಯಾದ ಮೇಲೇ ಆಳಿನ ಅಳತೆಗೆ ತರುತ್ತಿದ್ದರು. ಓರೆಯಾಗಿ ಕತ್ತರಿಸಲು ಮಾಮೂಲಿ ಪನ್ನ, ಅಂದರೆ ಬಟ್ಟೆಯ ಅಗಲ, ಸಾಲುವುದಿಲ್ಲ. ಅದಕ್ಕಾಗಿ ಬಿಯಾಂಕಿನಿ-ಫೆರಿಯೆ ಎಂಬ ರೇಷ್ಮೆ ಕಂಪನಿಯಿಂದ ಎರಡು ಗಜ ಜಾಸ್ತಿ ಅಗಲದ ಕ್ರೇಪ್ ನೇಯಿಸಿಕೊಂಡರು. ಚೌಕ, ಆಯತ, ತ್ರಿಕೋನ, ವೃತ್ತ, ಇಷ್ಟೇ ಅವರ ಬಂಡವಾಳ. ನಾಲ್ಕು ಚೌಕ ತುಂಡುಗಳನ್ನು ಮೂಲೆಯಿಂದ ಇಳಿಬಿಟ್ಟು ಮಾಡಿದ ಅವರ ಒಂದು ಉಡುಪು ಈಗಲೂ ಹೊಲಿಗೆ ಕಲಿಯುವವರಿಗೆ ಪಾಠ. ಮೇಜಿನ ಮೇಲೆ ಹರಡಿದರೆ ಅದು ಉಡುಪು ಅಂತಲೇ ತಿಳಿಯುವುದಿಲ್ಲ. ಮೈಮೇಲೆ ಹಾಕಿದಾಗ ಮಾತ್ರ ಅದಕ್ಕೆ ರೂಪ ಬರುತ್ತದೆ.

ಮಲ್ಲಿಗೆಮೊಗ್ಗು

ಅಕ್ಕ, ಓದಿ ಖುಷಿಯಾಯಿತು. ನಮ್ಮ ಬ್ಲೌಸಿಗೆ ಕ್ರಾಸ್ ಕಟ್ ಅಂತ ಹೇಳಿಸುತ್ತೇವಲ್ಲ, ಅದೂ ಇದೇನಾ?

ಚಿಕ್ಕಪೇಟೆ_ಮಾಸ್ಟರ್

ಹೌದಮ್ಮ, ಅದೇ. ಬ್ಲೌಸಿನಲ್ಲಿ ಮುಂಭಾಗವನ್ನು ಮಾತ್ರ ಕ್ರಾಸ್ ಇಡುತ್ತೇವೆ, ಎದೆಯ ಹತ್ತಿರ ಚೆನ್ನಾಗಿ ಕೂರಲಿ ಅಂತ. ಬೆನ್ನು ನೇರ ಎಳೆಯಲ್ಲೇ ಇರುತ್ತದೆ. ಅದು ಅಲ್ಲಾಡದೆ ಹಿಡಿದುಕೊಳ್ಳುತ್ತದೆ, ಮುಂದಿನದು ಹಿಗ್ಗುತ್ತದೆ.

ಇಡೀ ಗೌನು ಕ್ರಾಸ್ ಅಂದರೆ ಬೇರೆಯೇ ಲೆಕ್ಕ. ಹಿಡಿದುಕೊಳ್ಳಲು ಯಾವ ಭಾಗವೂ ಇಲ್ಲ. ಬಟ್ಟೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಇವತ್ತು ಸರಿಯಾಗಿರುವ ಅಂಚು ನಾಳೆ ಎರಡು ಇಂಚು ಕೆಳಗಿರುತ್ತದೆ, ಅದೂ ಒಂದೇ ಕಡೆ. ಮಿಷನ್ನಿನ ಪಾದ ಬಟ್ಟೆಯನ್ನು ಎಳೆದುಕೊಂಡರೆ ಹೊಲಿಗೆ ಅಲೆ ಅಲೆಯಾಗುತ್ತದೆ. ಕತ್ತರಿಸಿದ ಮೇಲೆ ಉಳಿಯುವ ಮೂಲೆ ತುಂಡುಗಳು ಯಾವುದಕ್ಕೂ ಬರುವುದಿಲ್ಲ. ಇವತ್ತಿನ ಕಾರ್ಖಾನೆಯಲ್ಲಿ ಇದನ್ನು ಯಾಕೆ ಮಾಡುವುದಿಲ್ಲ ಅಂತ ಕೇಳಿದರೆ ಕಾರಣ ಇಷ್ಟೇ. ಬಟ್ಟೆಯೂ ಜಾಸ್ತಿ, ಟೈಮೂ ಜಾಸ್ತಿ.

ಟೆನಿಸ್_ಅಂಗಳ

ಎಲ್ಲರೂ 1930ರ ಗೌನಿಗೆ ಹಾರಿದಿರಿ. ಇಪ್ಪತ್ತರ ದಶಕಕ್ಕೂ ಸ್ವಲ್ಪ ಜಾಗ ಕೊಡಿ.

ನನಗೆ ಆ ದಶಕ ಅಂದರೆ ಸುಜಾನ್ ಲೆಂಗ್ಲೆನ್. 1919ರಲ್ಲಿ ವಿಂಬಲ್ಡನ್ ಗೆದ್ದ ಫ್ರೆಂಚ್ ಆಟಗಾರ್ತಿ. ಒಟ್ಟು ಆರು ಸಲ ಅಲ್ಲಿ ಸಿಂಗಲ್ಸ್ ಗೆದ್ದರು. ಅದಕ್ಕೆ ಮೊದಲು ಹೆಂಗಸರು ಕಾರ್ಸೆಟ್ ಹಾಕಿಕೊಂಡು, ಪಾದ ಮುಟ್ಟುವ ಲಂಗದಲ್ಲಿ ಟೆನಿಸ್ ಆಡುತ್ತಿದ್ದರು. ಲೆಂಗ್ಲೆನ್ ತೋಳಿಲ್ಲದ ಮೇಲುಡುಪು, ನೆರಿಗೆಯ ಗಿಡ್ಡ ಲಂಗ, ಹಣೆಗೆ ಕಟ್ಟಿದ ಅಗಲ ಪಟ್ಟಿಯಲ್ಲಿ ಬಂದರು. ಆ ಉಡುಪು ಮಾಡಿಕೊಟ್ಟವರು ಪ್ಯಾರಿಸ್‌ನ ಡಿಸೈನರ್ ಜಾನ್ ಪತೂ. ಆಟದ ನಡುವೆ ಗಾಳಿಯಲ್ಲಿ ಜಿಗಿದಿರುವ ಅವರ ಫೋಟೋ ನೋಡಿ. ಲಂಗದ ನೆರಿಗೆಗಳು ಪೂರ್ತಿ ಬಿಚ್ಚಿಕೊಂಡಿವೆ. ಅಂಗಳದಲ್ಲಿ ಕಂಡಿದ್ದನ್ನು ಹೆಂಗಸರು ಬೀದಿಯಲ್ಲೂ ಹಾಕಿಕೊಳ್ಳಲು ಶುರು ಮಾಡಿದರು.

ಪ್ಯಾರಿಸ್‌ನ ಇನ್ನೊಬ್ಬ ಡಿಸೈನರ್ ಶನೆಲ್ ಅವರದ್ದೂ ಅದೇ ದಾರಿ. ಗಂಡಸರ ಒಳ ಉಡುಪಿಗೆ ಬಳಸುತ್ತಿದ್ದ ಜೆರ್ಸಿ ಎಂಬ ಹೆಣೆದ ಬಟ್ಟೆಯನ್ನು ತಂದು ಹೆಂಗಸರ ಸೂಟು ಮಾಡಿದರು. 1926ರಲ್ಲಿ ಅವರ ಒಂದು ಸಾದಾ ಕಪ್ಪು ಉಡುಪಿನ ಚಿತ್ರ ಹಾಕಿದ ಅಮೆರಿಕದ ವೋಗ್ ಪತ್ರಿಕೆ ಅದನ್ನು ಫೋರ್ಡ್ ಕಾರಿಗೆ ಹೋಲಿಸಿತು. ಎಲ್ಲರೂ ಒಂದೊಂದು ಇಟ್ಟುಕೊಳ್ಳುವಂಥದ್ದು ಅನ್ನುವ ಅರ್ಥದಲ್ಲಿ. ಯುದ್ಧದಲ್ಲಿ ಫ್ರಾನ್ಸ್ 13 ಲಕ್ಷಕ್ಕೂ ಜಾಸ್ತಿ ಸೈನಿಕರನ್ನು ಕಳೆದುಕೊಂಡಿತ್ತು. ಕಪ್ಪು ಅಂದರೆ ಸೂತಕದ ಬಣ್ಣ ಅಂತಲೇ ಆಗಿಹೋಗಿದ್ದ ದೇಶ. ಅದೇ ಕಪ್ಪನ್ನು ಸಂಜೆಯ ಸಂತೋಷಕ್ಕೆ ಉಡುವ ಬಣ್ಣ ಮಾಡಿದ್ದು ಸಣ್ಣ ಕೆಲಸ ಅಲ್ಲ.

ಕಾಲೇಜ್_ಹುಡುಗ

ಶೇರು ಮಾರ್ಕೆಟ್ ಬಿದ್ದಾಗ ಲಂಗದ ಉದ್ದ ಜಾಸ್ತಿಯಾಗುತ್ತದೆ ಅಂತ ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಹೇಳುತ್ತಿದ್ದರು. 1929ರಲ್ಲಿ ಹಾಗೇ ಆಯಿತಂತೆ ಅಲ್ವಾ?

ಟೆನಿಸ್_ಅಂಗಳ

ಕೇಳಲು ಚೆನ್ನಾಗಿದೆ, ಆದರೆ ದಿನಾಂಕ ಹೊಂದುವುದಿಲ್ಲ. ಲಂಗ ಅತಿ ಗಿಡ್ಡವಾಗಿದ್ದು 1926-27ರಲ್ಲಿ, ಮಂಡಿಯ ಹತ್ತಿರ. ಅದರ ಹಿಂದೆಯೇ ಮುಂದೆ ಗಿಡ್ಡ, ಹಿಂದೆ ಉದ್ದ ಇರುವ ಲಂಗಗಳು ಬಂದವು. ಅಂದರೆ ಇಳಿಯುವುದು ಆಗಲೇ ಶುರುವಾಗಿತ್ತು. ಪತೂ 1929ರ ಚಳಿಗಾಲಕ್ಕೆ ಅಂತ ಮಾಡಿದ ಸಂಗ್ರಹದಲ್ಲಿ ಎಲ್ಲವನ್ನೂ ಉದ್ದ ಮಾಡಿ, ಸೊಂಟದ ಗೆರೆಯನ್ನು ಮತ್ತೆ ಸೊಂಟಕ್ಕೆ ತಂದರು. ಅದನ್ನು ತೋರಿಸಿದ್ದು ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಮಾರ್ಕೆಟ್ ಬೀಳುವ ಮೊದಲು.

ಕೋಟು_ಪೇಟ

ಗಂಡಸರ ಕೋಟಿನ ಮಾತು ಯಾರೂ ಎತ್ತಲಿಲ್ಲ. ನಾನು ಎತ್ತುತ್ತೇನೆ.

ಲಂಡನ್‌ನಲ್ಲಿ ಫ್ರೆಡರಿಕ್ ಶೋಲ್ಟೆ ಅಂತ ಒಬ್ಬ ಟೈಲರ್ ಇದ್ದರು. ಹಾಲೆಂಡ್ ಮೂಲದವರು. ಸೇನೆಯ ಅಧಿಕಾರಿಗಳಿಗೆ ಹೊಲಿಯುವ ಕಡೆ ಪಳಗಿದ ಕೈ. ಗಾರ್ಡ್ಸ್ ಪಡೆಯ ಅಧಿಕಾರಿಗಳ ದಪ್ಪ ಓವರ್‌ಕೋಟಿಗೆ ಬೆಲ್ಟ್ ಬಿಗಿದಾಗ ಎದೆಯ ಮೇಲೆ, ಬೆನ್ನ ಮೇಲೆ ಬಟ್ಟೆ ಸ್ವಲ್ಪ ತುಂಬಿಕೊಂಡು ನಿಲ್ಲುತ್ತದೆ. ಆ ತುಂಬಿಕೆಯನ್ನು ಅವರು ದಿನಬಳಕೆಯ ಕೋಟಿಗೆ ತಂದರು. ಎದೆಗೂ ಬೆನ್ನಿಗೂ ಒಂಚೂರು ಜಾಸ್ತಿ ಬಟ್ಟೆ ಬಿಟ್ಟು, ಸೊಂಟದಲ್ಲಿ ಒಳಕ್ಕೆ ತೆಗೆದುಕೊಂಡರು. ಹೆಗಲಿನ ಪ್ಯಾಡು ಕಡಿಮೆ ಮಾಡಿದರು. ಒಳಗಿನ ಕ್ಯಾನ್ವಾಸ್ ಮೆತ್ತಗಾಯಿತು. ತೋಳಿನ ಪಕ್ಕದಲ್ಲಿ ಬಟ್ಟೆ ಸಣ್ಣ ಮಡಿಕೆಯಾಗಿ ನೇರವಾಗಿ ಇಳಿಯುತ್ತದೆ. ಗೊತ್ತಿಲ್ಲದವರು ಅದನ್ನು ಅಳತೆಯ ದೋಷ ಅಂದುಕೊಳ್ಳಬಹುದು. ಆ ಮಡಿಕೆಗೋಸ್ಕರವೇ ಜನ ಅವರ ಹತ್ತಿರ ಹೋಗುತ್ತಿದ್ದರು. ಇದಕ್ಕೆ ಲಂಡನ್ ಡ್ರೇಪ್ ಅಂತ ಹೆಸರು.

ಇದನ್ನು ಜಗತ್ತಿಗೆ ತೋರಿಸಿದವರು ಆಗಿನ ಬ್ರಿಟಿಷ್ ಯುವರಾಜ ಎಡ್ವರ್ಡ್. 1936ರಲ್ಲಿ ರಾಜನಾಗಿ ಅದೇ ವರ್ಷ ಪಟ್ಟ ಬಿಟ್ಟವರು. 1919ರಿಂದ ನಲವತ್ತು ವರ್ಷ ಅವರ ಕೋಟುಗಳು ಶೋಲ್ಟೆ ಅಂಗಡಿಯಲ್ಲೇ ಆದವು. ಅವರ ಅಪ್ಪ ಐದನೇ ಜಾರ್ಜ್ ಉಡುಪಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮಗ ಗಂಜಿ ಹಾಕಿದ ಗಟ್ಟಿ ಕಾಲರ್ ಬಿಟ್ಟು ಮೆತ್ತನೆ ಕಾಲರ್ ಹಿಡಿದರು. 1922ರಲ್ಲಿ ಸೇಂಟ್ ಆಂಡ್ರೂಸ್‌ನ ಗಾಲ್ಫ್ ಮೈದಾನಕ್ಕೆ ಫೇರ್ ಐಲ್ ಸ್ವೆಟರ್ ಹಾಕಿಕೊಂಡು ಹೋದರು. ಸ್ಕಾಟ್ಲೆಂಡಿನ ಉತ್ತರದ ಒಂದು ಪುಟ್ಟ ದ್ವೀಪದ ಕೈಹೆಣಿಗೆ ಅದು. ಆಮೇಲೆ ಅದಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. ಸಂಜೆಯ ಕೋಟಿಗೆ ಕಪ್ಪಿನ ಬದಲು ಗಾಢ ನೀಲಿ ತಂದವರೂ ಅವರೇ. ವಿದ್ಯುತ್ ದೀಪದ ಬೆಳಕಲ್ಲಿ ಕಪ್ಪು ಉಣ್ಣೆ ಸ್ವಲ್ಪ ಹಸಿರು ಹೊಡೆಯುತ್ತದೆ, ಗಾಢ ನೀಲಿ ಮಾತ್ರ ನಿಜವಾದ ಕಪ್ಪಾಗಿ ಕಾಣುತ್ತದೆ.

ಒಬ್ಬ ವ್ಯಕ್ತಿಯಾಗಿ ಅವರ ಬಗ್ಗೆ, ಅವರ ರಾಜಕೀಯದ ಬಗ್ಗೆ ನನಗೆ ಗೌರವ ಇಲ್ಲ. ಬಟ್ಟೆಯ ವಿಷಯದಲ್ಲಿ ಮಾತ್ರ ಅವರ ಹೆಸರು ಬಿಟ್ಟು ಈ ಕಥೆ ಹೇಳಲು ಆಗುವುದಿಲ್ಲ.

ಚಿಕ್ಕಪೇಟೆ_ಮಾಸ್ಟರ್

ಕೋಟಿನ ಬಗ್ಗೆ ಬರೆದಿದ್ದು ಸರಿಯಾಗಿದೆ ಸರ್. ಒಂದು ಮಾತು ಸೇರಿಸುತ್ತೇನೆ. ಈ ಕಟಿಂಗ್‌ನ ಜೀವ ಇರುವುದು ಆರ್ಮ್‌ಹೋಲ್‌ನಲ್ಲಿ, ಅಂದರೆ ತೋಳು ಕೂಡಿಸುವ ತೂತಿನಲ್ಲಿ. ಅದು ಚಿಕ್ಕದಾಗಿ, ಕಂಕುಳಿಗೆ ಹತ್ತಿರವಾಗಿ, ಎತ್ತರದಲ್ಲಿ ಇರಬೇಕು. ಆಗ ಕೈ ಎತ್ತಿದರೆ ತೋಳು ಮಾತ್ರ ಏಳುತ್ತದೆ, ಕೋಟು ಕದಲುವುದಿಲ್ಲ. ರೆಡಿಮೇಡ್‌ನಲ್ಲಿ ಎಲ್ಲರಿಗೂ ಆಗಲಿ ಅಂತ ಆರ್ಮ್‌ಹೋಲ್ ದೊಡ್ಡದಿಡುತ್ತಾರೆ. ಕೈ ಎತ್ತಿದ ಕೂಡಲೇ ಕಾಲರ್ ಕತ್ತಿನಿಂದ ಮೇಲೆದ್ದು ಬರುತ್ತದೆ. ಮದುವೆ ಮನೆಯಲ್ಲಿ ಗಂಡು ಅಕ್ಷತೆ ಹಾಕಿಸಿಕೊಂಡು ಕೈಮುಗಿಯುವಾಗ ನೋಡಿ.

ಕೋಟು_ಪೇಟ

ಸರಿಯಾಗಿ ಹೇಳಿದಿರಿ ಮಾಸ್ಟ್ರೇ. ಹಾಲಿವುಡ್‌ನ ನಟ, ನರ್ತಕ ಫ್ರೆಡ್ ಅಸ್ಟೇರ್ ಆ ಕೋಟಿನಲ್ಲೇ ಕುಣಿಯುತ್ತಿದ್ದದ್ದು ಅದಕ್ಕೇ. ಅವರ ಟೈಲರ್ ಆಂಡರ್ಸನ್ ಅಂಡ್ ಶೆಪರ್ಡ್. 1906ರಲ್ಲಿ ಶುರುವಾದ ಅಂಗಡಿ, ಅದನ್ನು ಕಟ್ಟಿದ ಪೆರ್ ಆಂಡರ್ಸನ್ ಶೋಲ್ಟೆ ಹತ್ತಿರ ಕೆಲಸ ಕಲಿತವರು. ವಿದ್ಯೆ ಹಾಗೆ ಕೈಯಿಂದ ಕೈಗೆ ಹೋಗಿದೆ.

ಹಳೇಫೋಟೋ ಅವರು ಬಟ್ಟೆಯ ಬಗ್ಗೆ ಕೇಳಿದ್ದರಲ್ಲ. ಆಗಿನ ಸೂಟಿನ ಉಣ್ಣೆ ಗಜಕ್ಕೆ 16 ಔನ್ಸ್, ಇನ್ನೂ ಜಾಸ್ತಿ ತೂಗುತ್ತಿತ್ತು. ಇವತ್ತು ನಾವು ಕೊಳ್ಳುವುದು 9-10 ಔನ್ಸಿನದು. ಭಾರದ ಬಟ್ಟೆ ತಾನಾಗಿಯೇ ನೇರ ಇಳಿಯುತ್ತದೆ, ಸುಕ್ಕು ಬಿದ್ದರೂ ರಾತ್ರಿ ತೂಗುಹಾಕಿದರೆ ಬೆಳಗ್ಗೆಗೆ ಹೋಗುತ್ತದೆ. ಹಾಗಾಗಿ ಬಟ್ಟೆಗೂ ಪಾಲಿದೆ.

ಪ್ಯಾಂಟಿನ ಕಥೆಯೂ ಒಂದಿದೆ. 1925ರ ಹೊತ್ತಿಗೆ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು ಪಾದವೇ ಮುಚ್ಚಿಹೋಗುವಷ್ಟು ಅಗಲದ ಪ್ಯಾಂಟು ಹಾಕಿದರು. ನನಗೆ ಅದರಲ್ಲಿ ಅಂದ ಕಾಣುವುದಿಲ್ಲ. ಮುಂದಿನ ದಶಕದ ಸಡಿಲ, ನೆರಿಗೆಯ ಪ್ಯಾಂಟಿಗೆ ಅದು ಬಾಗಿಲು ತೆರೆಯಿತು, ಅಷ್ಟು ಸಾಕು.

ನೇರಮಾತು

ಎಲ್ಲ ಚೆನ್ನಾಗಿದೆ, ಆದರೆ ನನಗೆ ಒಂದು ತಕರಾರಿದೆ. ನೀವೆಲ್ಲ ಮಾತಾಡುತ್ತಿರುವುದು ಯುವರಾಜರು, ನಟರು, ಪ್ಯಾರಿಸ್‌ನ ಶ್ರೀಮಂತ ಹೆಂಗಸರ ಬಗ್ಗೆ. 1933ರ ಶುರುವಿನಲ್ಲಿ ಬ್ರಿಟನ್ನಿನಲ್ಲಿ ಸುಮಾರು 30 ಲಕ್ಷ ಜನಕ್ಕೆ ಕೆಲಸ ಇರಲಿಲ್ಲ. ಅವರ ಮೈಮೇಲೆ ಏನಿತ್ತು? ಮಣಿ ಪೋಣಿಸಿದ ಒಂದು ಸಂಜೆಯ ಉಡುಪಿಗೆ ಎಷ್ಟು ಹೆಣ್ಣುಮಕ್ಕಳು ಕಣ್ಣು ಸವೆಸಿದರು? ಅದನ್ನು ಬಿಟ್ಟು ಅಂದದ ಮಾತಾಡಲು ನನಗೆ ಮನಸ್ಸು ಬರುವುದಿಲ್ಲ.

ಲೀಡ್ಸ್_ವಾಸಿ

ನೇರಮಾತು ಅವರೇ, ನಿಮ್ಮ ಪ್ರಶ್ನೆಯ ಅರ್ಧಕ್ಕೆ ನಾನಿರುವ ಊರಿನಲ್ಲೇ ಉತ್ತರ ಇದೆ.

ಉತ್ತರ ಇಂಗ್ಲೆಂಡಿನ ಲೀಡ್ಸ್‌ನ ಹಡ್ಸನ್ ರೋಡಿನಲ್ಲಿ ಮಾಂಟೆಗ್ಯೂ ಬರ್ಟನ್ ಅವರ ಸೂಟಿನ ಕಾರ್ಖಾನೆ ಇತ್ತು. ಅವರು ಲಿಥುವೇನಿಯಾದಿಂದ 1900ರಲ್ಲಿ ಬರಿಗೈಯಲ್ಲಿ ಬಂದ ಯಹೂದಿ ಹುಡುಗ. ಮೂವತ್ತರ ದಶಕದಲ್ಲಿ ಅಲ್ಲಿ ಸುಮಾರು 10,000 ಜನ ಕೆಲಸ ಮಾಡುತ್ತಿದ್ದರು, ಜಾಸ್ತಿ ಹೆಣ್ಣುಮಕ್ಕಳು. ಪದ್ಧತಿ ಹೀಗಿತ್ತು. ನಿಮ್ಮೂರಿನ ಬರ್ಟನ್ ಅಂಗಡಿಗೆ ಹೋಗಿ ಅಳತೆ ಕೊಡುವುದು, ಬಟ್ಟೆ ಆರಿಸುವುದು. ಅಳತೆ ಲೀಡ್ಸ್‌ಗೆ ಹೋಗುತ್ತದೆ, ಅಲ್ಲಿ ಕಟಿಂಗ್ ಆಗಿ, ಹೊಲಿದು, ಸೂಟು ಅಂಗಡಿಗೆ ವಾಪಸ್ ಬರುತ್ತದೆ. ಇದೇ ಊರಿನ ಇನ್ನೊಂದು ಕಂಪನಿಯ ಹೆಸರೇ ಐವತ್ತು ಶಿಲ್ಲಿಂಗ್ ಟೈಲರ್ಸ್. ಆಗಿನ ಒಬ್ಬ ಕೂಲಿಕಾರನ ಹೆಚ್ಚುಕಡಿಮೆ ಒಂದು ವಾರದ ಸಂಬಳಕ್ಕೆ ಅಳತೆಯ ಸೂಟು ಸಿಗುತ್ತಿತ್ತು. ಗಣಿ ಕೆಲಸದವನೂ ಭಾನುವಾರ ಸೂಟು ಹಾಕಿ ಹೊರಗೆ ಹೋಗುತ್ತಿದ್ದ.

ಕಷ್ಟ ಇರಲಿಲ್ಲ ಅಂತ ಹೇಳುತ್ತಿಲ್ಲ. ಅದೇ ಸೂಟನ್ನು ಸೋಮವಾರ ಗಿರವಿ ಅಂಗಡಿಗೆ ಇಟ್ಟು, ಶನಿವಾರ ಕೂಲಿ ಬಂದಾಗ ಬಿಡಿಸಿಕೊಳ್ಳುವ ಮನೆಗಳು ಉತ್ತರ ಇಂಗ್ಲೆಂಡಿನಲ್ಲಿ ಬೇಕಾದಷ್ಟಿದ್ದವು. ಹಳೇಫೋಟೋ ಅವರ ಸಂಗ್ರಹದಲ್ಲಿ ಕೆಲಸ ಹುಡುಕಿಕೊಂಡು ಸಾಲಿನಲ್ಲಿ ನಿಂತವರ ಫೋಟೋ ಇದ್ದರೆ ನೋಡಿ. ಟೋಪಿ, ಕೋಟು, ಕತ್ತಿಗೆ ಒಂದು ಮಫ್ಲರ್. ಹಳೆಯದಾಗಿದ್ದರೂ ಬ್ರಷ್ ಮಾಡಿರುತ್ತದೆ.

ಸೂಜಿದಾರ

ಉಳಿದ ಅರ್ಧಕ್ಕೆ ನಾನು ಹೇಳುತ್ತೇನೆ. ಹೊಲಿಯುವವರ ಪ್ರಶ್ನೆ ನನ್ನದೂ ಹೌದು.

ವಿಯೊನೆ ಹತ್ತಿರ ಸಾವಿರಕ್ಕೂ ಜಾಸ್ತಿ ಹೊಲಿಗೆಯ ಹೆಣ್ಣುಮಕ್ಕಳಿದ್ದರು. ಅವರಿಗೆ ಊಟದ ಕೋಣೆ, ವೈದ್ಯರು, ದಂತವೈದ್ಯರು, ಸಂಬಳದ ರಜೆ, ಹೆರಿಗೆ ರಜೆ ಎಲ್ಲ ಇತ್ತು. ಫ್ರಾನ್ಸ್‌ನಲ್ಲಿ ಸಂಬಳದ ರಜೆ ಕಾನೂನಾಗಿದ್ದು 1936ರಲ್ಲಿ. ಇವರು ಅದಕ್ಕೆ ಮೊದಲೇ ಕೊಟ್ಟರು. ಸ್ವತಃ ಬಾಲ್ಯದಿಂದ ಹೊಲಿಗೆ ಕೋಣೆಯಲ್ಲಿ ಬೆಳೆದವರಿಗೆ ಏನು ಬೇಕು ಅಂತ ಗೊತ್ತಿತ್ತು. ತಮ್ಮ ಉಡುಪಿನ ಲೇಬಲ್ ಮೇಲೆ ಹೆಬ್ಬೆರಳಿನ ಗುರುತು ಒತ್ತುತ್ತಿದ್ದರು. ಪ್ರತಿ ಉಡುಪನ್ನೂ ಮುಂದೆ, ಹಿಂದೆ, ಪಕ್ಕ ಫೋಟೋ ತೆಗೆಸಿಡುತ್ತಿದ್ದರು. ನಕಲು ಮಾಡಿದವರ ಮೇಲೆ ಕೋರ್ಟಿಗೂ ಹೋದರು.

ಎಲ್ಲರೂ ಹೀಗಿದ್ದರು ಅಂತಲ್ಲ. ಮಣಿ ಕಸೂತಿಯ ಕೆಲಸಕ್ಕೆ ಪ್ಯಾರಿಸ್‌ನಲ್ಲಿ ಕೈ ಸಿಕ್ಕಿದ್ದು ಮನೆಮಠ ಕಳೆದುಕೊಂಡು ಬಂದವರಿಂದ. ರಷ್ಯದ ಕ್ರಾಂತಿಯ ನಂತರ ಓಡಿಬಂದ ರಾಜಮನೆತನದ ಮರಿಯಾ ಪಾವ್ಲೊವ್ನಾ 1921ರಲ್ಲಿ ಕಿಟ್ಮಿರ್ ಅಂತ ಕಸೂತಿ ಸಂಸ್ಥೆ ಮಾಡಿ ಶನೆಲ್‌ಗೆ ಕಸೂತಿ ಮಾಡಿಕೊಟ್ಟರು. 1927ರಲ್ಲಿ ಪ್ಯಾರಿಸ್‌ನ ಡಿಸೈನರ್ ಎಲ್ಸಾ ಸ್ಕಿಯಾಪರೆಲಿಗೆ ಹೆಸರು ತಂದುಕೊಟ್ಟ ಬಿಲ್ಲುಗಂಟಿನ ಚಿತ್ರದ ಸ್ವೆಟರ್ ಹೆಣೆದವರು ಅರ್ಮೇನಿಯಾದಿಂದ ಬಂದ ಹೆಣ್ಣುಮಕ್ಕಳು. ಆ ಹೆಣಿಗೆಯ ಪಟ್ಟು ಅವರದ್ದೇ. ಇವರೆಲ್ಲರ ಹೆಸರು ನಮಗೆ ಸಿಗುವುದಿಲ್ಲ. ನೇರಮಾತು ಅವರ ಸಿಟ್ಟು ನ್ಯಾಯವೇ. ಆದರೆ ಅಂದದ ಮಾತು ಬಿಟ್ಟರೆ ಆ ಕೈಗಳ ಮಾತೂ ಹೋಗುತ್ತದೆ. ಅದಕ್ಕೇ ಹೊಲಿಗೆಯನ್ನು ಹತ್ತಿರದಿಂದ ನೋಡಬೇಕು ಅನ್ನುತ್ತೇನೆ.

ನೇರಮಾತು

ಒಪ್ಪುತ್ತೇನೆ. ಅರ್ಮೇನಿಯಾದವರ ವಿಷಯ ತಿಳಿದಿರಲಿಲ್ಲ, ಧನ್ಯವಾದ. ಬಡ ಮನೆಯ ಹೆಣ್ಣುಮಕ್ಕಳ ಉಡುಪಿನ ಬಗ್ಗೆಯೂ ಯಾರಾದರೂ ಬರೆಯಿರಿ.

ರೇಷ್ಮೆಗೂಡು

ಅದಕ್ಕೆ ಉತ್ತರ ರೇಯಾನ್. ಮರದ ತಿರುಳಿನಿಂದ ಮಾಡಿದ ನೂಲು. ನೋಡಲು ರೇಷ್ಮೆ, ಬೆಲೆ ಅದರ ಒಂದು ಪಾಲು. ಅಂಗಡಿಯಲ್ಲಿ, ಟೈಪಿಂಗ್ ಕೆಲಸದಲ್ಲಿ ಇದ್ದ ಹುಡುಗಿಯರು ರೇಯಾನ್ ಫ್ರಾಕು, ರೇಯಾನ್ ಕಾಲುಚೀಲ ಕೊಂಡರು. ಅದರ ಹೊಳಪು ಜಾಸ್ತಿ, ಅದನ್ನು ಮಂಕು ಮಾಡಲು ಕಾಲಿಗೆ ಪೌಡರ್ ಬಳಿಯುತ್ತಿದ್ದರು. ಕಾಗದದ ಪ್ಯಾಟರ್ನ್ ಕೊಂಡು, ಕಂತಿನಲ್ಲಿ ತಂದ ಸಿಂಗರ್ ಮಿಷನ್ನಿನಲ್ಲಿ ಮನೆಯಲ್ಲೇ ಹೊಲಿಯುವವರೂ ತುಂಬ ಜನ.

ಇಲ್ಲಿಂದ ನಮ್ಮ ಕಡೆಗೆ ಒಂದು ದಾರಿ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಇಂಗ್ಲೆಂಡಿನ ಹುಡುಗಿಗೆ ಅಗ್ಗದ ಫ್ರಾಕು ಕೊಟ್ಟ ಆ ನೂಲೇ ಮೈಸೂರು ಸೀಮೆಯ ರೈತನ ಹೊಟ್ಟೆಗೆ ಹೊಡೆಯಿತು. 1929ರ ನಂತರದ ಆರ್ಥಿಕ ಕುಸಿತದಲ್ಲಿ ಒಂದು ಕಡೆ ಚೀನಾ, ಜಪಾನಿನ ಅಗ್ಗದ ರೇಷ್ಮೆ ಬಂತು, ಇನ್ನೊಂದು ಕಡೆ ರೇಯಾನ್. ಗೂಡಿನ ಬೆಲೆ ಬಿದ್ದುಹೋಯಿತು. ಎಷ್ಟೋ ಕಡೆ ಹಿಪ್ಪುನೇರಳೆ ಕಿತ್ತು ಬೇರೆ ಬೆಳೆ ಹಾಕಿದರು.

ಹೊಲಿಗೆಯ ಕಡೆಯಿಂದಲೂ ಒಂದು ನಂಟಿದೆ. ವಿಯೊನೆಗೆ ಬೇಕಾಗಿದ್ದು ಕ್ರೇಪ್ ಅಂತ ಸೂಜಿದಾರ ಬರೆದರಲ್ಲ. ಕ್ರೇಪ್ ಅಂದರೆ ತುಂಬ ಹುರಿ ಕೊಟ್ಟ ನೂಲಿನ ಬಟ್ಟೆ. ಒಂದಷ್ಟು ಎಳೆಗೆ ಎಡಕ್ಕೆ ಹುರಿ, ಒಂದಷ್ಟಕ್ಕೆ ಬಲಕ್ಕೆ. ನೇಯ್ದ ಮೇಲೆ ಸೋಪಿನ ನೀರಲ್ಲಿ ಬೇಯಿಸಿ ಅಂಟು ತೆಗೆದಾಗ ಆ ಹುರಿಗಳು ಬಿಚ್ಚಿಕೊಳ್ಳಲು ನೋಡುತ್ತವೆ, ಬಟ್ಟೆ ಸಣ್ಣಗೆ ಕುಗ್ಗುತ್ತದೆ. ಅದರಿಂದಲೇ ಅದಕ್ಕೆ ಆ ಮಿಡಿತ, ಆ ಇಳಿತ. ನಾಲ್ವಡಿ ಕೃಷ್ಣರಾಜ ಒಡೆಯರು 1912ರಲ್ಲಿ ಸ್ವಿಟ್ಜರ್‌ಲೆಂಡಿನಿಂದ ಮಗ್ಗ ತರಿಸಿ ಮೈಸೂರಿನಲ್ಲಿ ರೇಷ್ಮೆ ಕಾರ್ಖಾನೆ ಶುರು ಮಾಡಿದರು. ಅಲ್ಲಿಂದ ಬೆಳೆದು ಬಂದ ಮೈಸೂರು ಸಿಲ್ಕ್ ಸೀರೆಯೂ ಕ್ರೇಪೇ. ಗಂಜಿ ಇಲ್ಲದೆ, ಗಟ್ಟಿ ಜರಿ ಮೈಯಿಲ್ಲದೆ ಸೊಂಟದಿಂದ ಸೀದಾ ಇಳಿಯುತ್ತದಲ್ಲ, ಆ ಗುಣದ ಮೂಲ ಹುರಿಯಲ್ಲಿದೆ. ಅದೇ 1912ರಲ್ಲಿ ವಿಯೊನೆ ತಮ್ಮ ಮೊದಲ ಅಂಗಡಿ ತೆರೆದಿದ್ದು ಕಾಕತಾಳೀಯ, ಆದರೂ ನನಗೆ ಇಷ್ಟ.

ಮಲ್ಲಿಗೆಮೊಗ್ಗು

ಹಾಗಾದರೆ ಪ್ಯಾರಿಸ್‌ನವರು ನಮ್ಮ ಸೀರೆ ನೋಡಿ ಕಲಿತರಾ?

ಸೂಜಿದಾರ

ವಿಯೊನೆ ನೋಡಿದ್ದು ಜಾಸ್ತಿ ಪ್ರಾಚೀನ ಗ್ರೀಸಿನ ಉಡುಪು, ಜಪಾನಿನ ಕಿಮೊನೊ. ಸೀರೆಯಿಂದ ಕಲಿತರು ಅಂತ ನಾವು ಸುಮ್ನೆ ಹೇಳಿಕೊಳ್ಳಬಾರದು. ಸ್ಕಿಯಾಪರೆಲಿ ವಿಷಯದಲ್ಲಿ ಮಾತ್ರ ಅದು ನಿಜ. ಕಪೂರ್ಥಲಾ ಸಂಸ್ಥಾನದ ರಾಜಕುಮಾರಿ ಕರಮ್ ಅವರ ಸೀರೆಗಳನ್ನು ನೋಡಿ 1935ರಲ್ಲಿ ಸೀರೆಯ ಹಾಗೆ ಸುತ್ತಿಕೊಂಡ ಸಂಜೆ ಉಡುಪುಗಳನ್ನು ಮಾಡಿದರು.

ಆ ಕಡೆಯಿಂದ ಈ ಕಡೆಗೂ ಬಂತು. ಕೂಚ್ ಬಿಹಾರದ ಮಹಾರಾಣಿ ಇಂದಿರಾ ದೇವಿ ಬರೋಡೆಯಲ್ಲಿ ಹುಟ್ಟಿದವರು. 1922ರಲ್ಲಿ ಗಂಡ ತೀರಿಕೊಂಡ ಮೇಲೆ ಫ್ರಾನ್ಸ್‌ನಲ್ಲಿ ನೇಯಿಸಿದ ಬಿಳಿ ಶಿಫಾನ್ ಸೀರೆ ಉಟ್ಟರು. ಶಿಫಾನ್ ಸೀರೆ ನಮ್ಮಲ್ಲಿ ಬೇರೂರಿದ್ದರಲ್ಲಿ ಅವರ ಪಾಲು ದೊಡ್ಡದು. ಇಟಲಿಯ ಫೆರಗಾಮೊ ಹತ್ತಿರ ಚಪ್ಪಲಿ ಮಾಡಿಸುತ್ತಿದ್ದರು.

ಕೋಟು_ಪೇಟ

ಗಂಡಸರಲ್ಲಿ ಇಂದೋರಿನ ಯಶವಂತರಾವ್ ಹೋಳ್ಕರ್. ಬೆರ್ನಾರ್ ಬುತೆ ದ ಮೊಂವೆಲ್ ಎಂಬ ಫ್ರೆಂಚ್ ಚಿತ್ರಕಾರ ಅವರ ಎರಡು ದೊಡ್ಡ ಚಿತ್ರ ಬರೆದಿದ್ದಾರೆ. ಒಂದರಲ್ಲಿ ಪಾಶ್ಚಾತ್ಯ ಸಂಜೆ ಉಡುಪು, ಇನ್ನೊಂದರಲ್ಲಿ ಮರಾಠಾ ಉಡುಪು. ಎರಡರಲ್ಲೂ ಉದ್ದನೆಯ ಗೆರೆ. ನೋಡಲೇಬೇಕು. ನಮ್ಮಲ್ಲಿ 1926ರಿಂದ 1941ರವರೆಗೆ ಮೈಸೂರು ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಫೋಟೋಗಳನ್ನೂ ನೋಡಿ. ಮೈಸೂರು ಪೇಟದ ಕೆಳಗೆ ಕೋಟು ಎಷ್ಟು ಅಚ್ಚುಕಟ್ಟು!

ನೇರಮಾತು

ಅದೇ ಕಾಲದಲ್ಲಿ ಇನ್ನೊಂದು ಉಡುಪೂ ಇತ್ತು. 1921ರ ಜುಲೈ 31ರಂದು ಮುಂಬಯಿಯ ಪರೇಲ್‌ನಲ್ಲಿ ವಿದೇಶಿ ಬಟ್ಟೆಗೆ ಬೆಂಕಿ ಬಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ಗಾಂಧೀಜಿ ಮಧುರೆಯಲ್ಲಿ ತುಂಡು ಪಂಚೆಗೆ ಬಂದರು. 1931ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಗೂ ಅದರಲ್ಲೇ ಹೋದರು. ಎದುರಿಗೆ ಇದ್ದವರು ಕೋಟು_ಪೇಟ ಅವರು ಹೇಳಿದ ಅದೇ ಕಟ್ಟುನಿಟ್ಟಿನ ಐದನೇ ಜಾರ್ಜ್. ನಮ್ಮ ಮೈಸೂರು ಜಿಲ್ಲೆಯ ಬದನವಾಳಿನಲ್ಲಿ ಖಾದಿ ಕೆಲಸ ಬೆಳೆದದ್ದೂ ಆ ವರ್ಷಗಳಲ್ಲೇ. ಆ ಕಾಲದ ಅಂದದ ಲೆಕ್ಕದಲ್ಲಿ ಇದೂ ಸೇರಬೇಕು ಅನ್ನುವುದು ನನ್ನ ಆಸೆ.

ಹಳೇಫೋಟೋ

ಖಂಡಿತ ಸೇರುತ್ತದೆ. ಎಲ್ಲರಿಗೂ ಧನ್ಯವಾದ. ಈಗ ಫೋಟೋ ನೋಡುವಾಗ ಎಳೆ ಯಾವ ಕಡೆ ಓಡಿದೆ ಅಂತಲೇ ಮೊದಲು ಹುಡುಕುತ್ತಿದ್ದೇನೆ. ಪಟ್ಟೆ ಇರುವ ಬಟ್ಟೆಯಲ್ಲಿ ಬೇಗ ಗೊತ್ತಾಗುತ್ತದೆ, ನಡುವಿನ ಹೊಲಿಗೆಯಲ್ಲಿ ಪಟ್ಟೆಗಳು ಕೋನವಾಗಿ ಕೂಡುತ್ತವೆ. ಸೂಜಿದಾರ ಅವರೇ, ವಿಯೊನೆಯ ನಿಜವಾದ ಉಡುಪುಗಳು ಎಲ್ಲಿವೆ?

ಸೂಜಿದಾರ

ಜಾಸ್ತಿ ಇರುವುದು ಪ್ಯಾರಿಸ್‌ನ ಅಲಂಕಾರ ಕಲೆಗಳ ಮ್ಯೂಸಿಯಂನಲ್ಲಿ. 1952ರಲ್ಲಿ ಅವರೇ ತಮ್ಮ ಉಡುಪು, ಫೋಟೋ ಆಲ್ಬಂಗಳನ್ನು ಕೊಟ್ಟರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಲ್ಲೂ ಇವೆ. ಅವರ ವೆಬ್‌ಸೈಟಿನಲ್ಲಿ ಚಿತ್ರ ದೊಡ್ಡದು ಮಾಡಿ ನೋಡಬಹುದು.

ಮಲ್ಲಿಗೆಮೊಗ್ಗು

ನನಗೂ ಒಂದು ಆಸೆ ಬಂದಿದೆ. ತಂಗಿಯ ಆರತಕ್ಷತೆಗೆ ಮೂವತ್ತರ ದಶಕದ ಥರ ಉದ್ದ ಲಂಗ ಹೊಲಿಯಬೇಕು, ಪೂರ್ತಿ ಕ್ರಾಸ್‌ನಲ್ಲಿ. ಮಾಸ್ಟ್ರೇ, ಯಾವ ಬಟ್ಟೆ ತರಲಿ? ಏನು ಎಚ್ಚರ ವಹಿಸಲಿ?

ಚಿಕ್ಕಪೇಟೆ_ಮಾಸ್ಟರ್

ಭಾರದ ಕ್ರೇಪ್ ತಗೋಮ್ಮ, ಇಲ್ಲದಿದ್ದರೆ ದಪ್ಪ ಜಾರ್ಜೆಟ್. ಲೈಕ್ರಾ ಸೇರಿಸಿದ್ದು ಬೇಡ. ಅದು ಎಲ್ಲ ಕಡೆಗೂ ಹಿಗ್ಗುತ್ತದೆ, ಕ್ರಾಸ್ ಇಟ್ಟು ಪ್ರಯೋಜನ ಇಲ್ಲ. ಪನ್ನ ದೊಡ್ಡದಿರಲಿ. ಮಾಮೂಲಿಗಿಂತ ಒಂದೂವರೆ ಪಟ್ಟು ಬಟ್ಟೆ ಹಿಡಿ. ಮೊದಲು ನೀರಿಗೆ ಹಾಕಿ ಒಣಗಿಸು.

ಕತ್ತರಿಸುವಾಗ ಮಡಚಬೇಡ, ಒಂದೇ ಪದರ ಹರಡು. ಮೇಜಿನಿಂದ ಕೆಳಗೆ ಜೋತು ಬೀಳಬಾರದು, ಎಳೆ ತಪ್ಪುತ್ತದೆ. ಕೆಳಗೆ ತೆಳು ಕಾಗದ ಇಟ್ಟು, ಕಾಗದ ಸಮೇತ ಹೊಲಿದು, ಆಮೇಲೆ ಕಾಗದ ಹರಿದು ತೆಗೆ. ಹೊಲಿಗೆ ಸ್ವಲ್ಪ ಸಡಿಲ ಇರಲಿ, ಸಣ್ಣ ಜಿಗ್‌ಜಾಗ್ ಹಾಕಿದರೂ ಆಗುತ್ತದೆ. ಇಲ್ಲದಿದ್ದರೆ ನಡೆಯುವಾಗ ದಾರ ಪಟ್ ಅಂತ ಹೋಗುತ್ತದೆ.

ಸೂಜಿದಾರ

ಮೊದಲು ಅಗ್ಗದ ತೆಳು ಬಟ್ಟೆಯಲ್ಲಿ ಒಂದು ಟ್ರಯಲ್ ಹೊಲಿದು ನೋಡು. ರೇಷ್ಮೆಗೆ ಕತ್ತರಿ ಹಾಕುವುದು ಆಮೇಲೆ. ಸೊಂಟಪಟ್ಟಿ ಮಾತ್ರ ನೇರ ಎಳೆಯಲ್ಲಿ ಇಡು, ಅದು ಇಡೀ ಲಂಗದ ಭಾರ ಹೊರಬೇಕು.

ಸೊಂಟಪಟ್ಟಿ ಕೂಡಿಸಿದ ಮೇಲೆ ಲಂಗವನ್ನು ಎರಡು ರಾತ್ರಿ ತೂಗುಹಾಕು. ಎಷ್ಟು ಇಳಿಯಬೇಕೋ ಇಳಿಯಲಿ. ಆಮೇಲೆ ತಂಗಿಗೆ ಹಾಕಿಸಿ, ಅವತ್ತು ಹಾಕುವ ಚಪ್ಪಲಿಯಲ್ಲೇ ನಿಲ್ಲಿಸಿ, ನೆಲದಿಂದ ಸ್ಕೇಲಿನಲ್ಲಿ ಅಳೆದು ಸುತ್ತಲೂ ಚಾಕ್ ಗುರುತು ಹಾಕು. ಅಂಚು ಮಿಷನ್ನಿಗೆ ಕೊಡಬೇಡ. ಸಣ್ಣಗೆ ಸುರುಳಿ ಸುತ್ತಿ ಕೈಯಲ್ಲೇ ಹೊಲಿ.